ನಿಮ್ಮ ಪ್ರಶ್ನೆ ಹಿಡಿದು ಯೂನಿವರ್ಸಿಟಿಯ ಯಾವ ಬಾಗಿಲು ತಟ್ಟಬೇಕು?

ಮೂರು ವರ್ಷದ ಹಕ್ಕಿ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಇದನ್ನು ಯಾರಿಗೆ ತೋರಿಸುವುದು ಅಂತ ಗೊತ್ತಾಗದೆ ಕೂತವರು ಎಲ್ಲ ಕಡೆ ಇದ್ದಾರೆ. ನಲ್ಲಿ ನೀರಿನ ಬಣ್ಣ ನೋಡಿ ಅನುಮಾನ ಬಂದವರು, ಮನೆ ಮುಂದಿನ ರಸ್ತೆಯ ಹೊಗೆ ಅಳೆಯಬೇಕು ಅಂದುಕೊಂಡವರು, ಒಂದೇ ಕಾಯಿಲೆ ಇರುವ ಹತ್ತಾರು ಜನ ಸೇರಿ ತಮ್ಮ ಅನುಭವ ಪಟ್ಟಿ ಮಾಡಿಕೊಂಡವರೂ ಇದ್ದಾರೆ. ಇವರಲ್ಲಿ ಪ್ರಶ್ನೆ ಇದೆ, ದುಡಿಯುವ ಮನಸ್ಸೂ ಇದೆ. ಲ್ಯಾಬ್ ಇಲ್ಲ, ಅಳೆಯುವ ಸರಿಯಾದ ವಿಧಾನ ಗೊತ್ತಿಲ್ಲ. ಅವೆರಡೂ ಯೂನಿವರ್ಸಿಟಿಯಲ್ಲಿ ಸಿಗುತ್ತವೆ. ಅಲ್ಲಿಗೆ ಹೋಗಿ ಹೇಗೆ ಕೇಳುವುದು, ಏನೇನು ಕೇಳಬಹುದು, ಎಲ್ಲಿ ಎಚ್ಚರ ಬೇಕು ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯೂನಿವರ್ಸಿಟಿ ಅಂದ ಕೂಡಲೇ ಎಲ್ಲರೂ ಕೇಳುವುದು "ಹಣ ಸಿಗುತ್ತಾ?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಮಾತು. ಪ್ರಶ್ನೆ ಯಾರದು, ಡೇಟಾ ಯಾರದು, ಫಲಿತಾಂಶ ಮೊದಲು ಯಾರ ಕೈ ಸೇರುತ್ತದೆ ಅನ್ನುವುದು ಮೊದಲ ಸ್ಯಾಂಪಲ್ ತೆಗೆಯುವ ಮುಂಚೆಯೇ ಇತ್ಯರ್ಥ ಆಗಬೇಕು. ಅದಾಗದೆ ಶುರುವಾದ ಕೆಲಸಗಳು ಮನಸ್ತಾಪದಲ್ಲಿ ನಿಲ್ಲುವುದೇ ಜಾಸ್ತಿ.

ನೀವು ಅವರಿಗೆ ಬೇಕೋ, ಅವರು ನಿಮಗೆ ಬೇಕೋ

ವಿಜ್ಞಾನಿ ಅಲ್ಲದವರು ನಿಜವಾದ ಸಂಶೋಧನೆಯಲ್ಲಿ ಕೈಜೋಡಿಸುವುದಕ್ಕೆ ನಾಗರಿಕ ವಿಜ್ಞಾನ ಅನ್ನುತ್ತಾರೆ. ಆದರೆ ಈ ಒಂದೇ ಹೆಸರಿನ ಕೆಳಗೆ ತುಂಬಾ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಎರಡು ಕಥೆ ಹೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಆಕ್ಸ್‌ಫರ್ಡ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಕೆವಿನ್ ಶಾವಿನ್‌ಸ್ಕಿ ಒಂದು ವಾರ ಕೂತು 50,000 ಗ್ಯಾಲಕ್ಸಿಗಳ ಚಿತ್ರ ನೋಡಿ, ಆಕಾರದ ಪ್ರಕಾರ ಬೇರೆ ಮಾಡಿದ್ದರು. ಒಟ್ಟು ಇದ್ದ ಚಿತ್ರಗಳು ಸುಮಾರು 9 ಲಕ್ಷ. ಒಬ್ಬರಿಂದ ಆಗುವ ಮಾತಲ್ಲ. ಅವರೂ ಕ್ರಿಸ್ ಲಿಂಟಾಟ್ ಮತ್ತು ಇತರರೂ ಸೇರಿ 2007ರ ಜುಲೈನಲ್ಲಿ ಆ ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರ ಮುಂದೆ ಇಟ್ಟರು. ಅದಕ್ಕೆ ಗ್ಯಾಲಕ್ಸಿ ಝೂ ಅಂತ ಹೆಸರು. ಮೊದಲ ಒಂದು ವರ್ಷದಲ್ಲಿ ಒಂದೂವರೆ ಲಕ್ಷ ಜನ 5 ಕೋಟಿಗೂ ಜಾಸ್ತಿ ಉತ್ತರ ಕೊಟ್ಟರು. ನೆದರ್‌ಲೆಂಡ್ಸಿನ ಶಾಲಾ ಶಿಕ್ಷಕಿ ಹನ್ನಿ ವಾನ್ ಆರ್ಕೆಲ್ ಒಂದು ಚಿತ್ರದಲ್ಲಿ ವಿಚಿತ್ರವಾದ ನೀಲಿ ಮಚ್ಚೆ ಕಂಡು "ಇದೇನು?" ಅಂತ ಕೇಳಿದರು. ಅದು ಖಗೋಳಶಾಸ್ತ್ರಕ್ಕೇ ಹೊಸ ವಸ್ತು. ಈಗ ಅದಕ್ಕೆ ಅವರದೇ ಹೆಸರಿದೆ.

ಇಲ್ಲಿ ಪ್ರಶ್ನೆ ವಿಜ್ಞಾನಿಗಳದ್ದು. ಜನ ಬಂದು ಕೈಜೋಡಿಸಿದರು.

ಎರಡನೆಯದು ಅಮೆರಿಕದ ಫ್ಲಿಂಟ್ ಊರಿನದು. 2014ರಲ್ಲಿ ಅಲ್ಲಿ ಕುಡಿಯುವ ನೀರಿನ ಮೂಲ ಬದಲಾಯಿತು. ನೀರು ಸರಿಯಿಲ್ಲ ಅಂತ ಜನ ಹೇಳುತ್ತಲೇ ಇದ್ದರು, ಕೇಳುವವರಿರಲಿಲ್ಲ. ಲೀಆನ್ ವಾಲ್ಟರ್ಸ್ ಅನ್ನುವ ತಾಯಿ ಪಟ್ಟು ಬಿಡದೆ ವರ್ಜೀನಿಯಾ ಟೆಕ್ ಯೂನಿವರ್ಸಿಟಿಯ ಮಾರ್ಕ್ ಎಡ್ವರ್ಡ್ಸ್ ಅವರ ತನಕ ವಿಷಯ ಮುಟ್ಟಿಸಿದರು. 2015ರ ಆಗಸ್ಟ್‌ನಲ್ಲಿ ಎಡ್ವರ್ಡ್ಸ್ ತಂಡ ನೀರಿನ ಸ್ಯಾಂಪಲ್ ತೆಗೆಯುವ 300 ಕಿಟ್ ಕಳಿಸಿತು. ಮನೆ ಮನೆಗೆ ಅದನ್ನು ಹಂಚಿ, ನೀರು ತುಂಬಿಸಿ, ವಾಪಸ್ ಒಟ್ಟುಗೂಡಿಸಿದ್ದು ಊರಿನವರೇ. 250ಕ್ಕೂ ಹೆಚ್ಚು ಕಿಟ್ ಲ್ಯಾಬಿಗೆ ಮರಳಿದವು. ನೀರಿನಲ್ಲಿ ಸೀಸ (ಲೆಡ್) ಅನ್ನುವ ವಿಷಕಾರಿ ಲೋಹ ಇರುವುದು ಬಯಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೀರಿನ ಮೂಲ ಮತ್ತೆ ಬದಲಾಯಿತು. ಇಲ್ಲಿ ಪ್ರಶ್ನೆ ಜನರದ್ದು, ಯೂನಿವರ್ಸಿಟಿ ಬಂದು ಕೈಜೋಡಿಸಿತು.

ಎರಡರ ನಡುವೆ ಇನ್ನೂ ಹಲವು ಮೆಟ್ಟಿಲುಗಳಿವೆ. ಕೆಲವು ಕಡೆ ಜನ ಡೇಟಾ ಮಾತ್ರ ಕೊಡುತ್ತಾರೆ. ಕೆಲವು ಕಡೆ ವಿಧಾನ ತಿದ್ದುವುದರಲ್ಲಿ, ಡೇಟಾ ಅರ್ಥ ಮಾಡಿಕೊಳ್ಳುವುದರಲ್ಲಿ ಅವರಿಗೂ ಪಾಲಿರುತ್ತದೆ. ಪ್ರಶ್ನೆ ಹುಟ್ಟುವುದರಿಂದ ಹಿಡಿದು ಕೊನೆಯ ತನಕ ಜೊತೆಯಲ್ಲೇ ಇರುವುದೂ ಉಂಟು. ಈ ಕೊನೆಯ ಬಗೆಗೆ ಸಹಭಾಗಿ ಸಂಶೋಧನೆ ಅನ್ನುವ ಹೆಸರು ಚೆನ್ನಾಗಿ ಒಪ್ಪುತ್ತದೆ. ಯಾವ ಮೆಟ್ಟಿಲೂ ಕೀಳಲ್ಲ. ಬಿಡುವಿದ್ದಾಗ ಸುಮ್ನೆ ಕೂತು ಗ್ಯಾಲಕ್ಸಿ ನೋಡುವುದೂ ಒಳ್ಳೆಯ ಕೆಲಸವೇ. ಆದರೆ ನೀವು ನಿಂತಿರುವುದು ಯಾವ ಮೆಟ್ಟಿಲ ಮೇಲೆ ಅಂತ ನಿಮಗೂ ಅವರಿಗೂ ಒಂದೇ ಅರ್ಥದಲ್ಲಿ ಗೊತ್ತಿರಬೇಕು.

ಹೆಜ್ಜೆ 1: ದೂರನ್ನು ಪ್ರಶ್ನೆ ಮಾಡಿ

"ನಮ್ಮ ನೀರು ಕೆಟ್ಟಿದೆ" ಅನ್ನುವುದು ದೂರು. ಅದನ್ನು ಹಿಡಿದು ಲ್ಯಾಬಿಗೆ ಹೋದರೆ ಪಾಪ ಅವರಿಗೂ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ. ಫ್ಲಿಂಟ್‌ನ ಕಿಟ್‌ನಲ್ಲಿ ಒಂದೊಂದು ಮನೆಗೆ ಮೂರು ಬಾಟಲಿ ಇದ್ದವು. ಗಂಟೆಗಟ್ಟಲೆ ನಲ್ಲಿ ಮುಟ್ಟದೆ ಬಿಟ್ಟು, ತಿರುಗಿಸಿದ ತಕ್ಷಣ ಬರುವ ನೀರು ಮೊದಲ ಬಾಟಲಿಗೆ. 45 ಸೆಕೆಂಡು ಹರಿಸಿದ ಮೇಲೆ ಎರಡನೆಯದಕ್ಕೆ. ಎರಡು ನಿಮಿಷ ಆದ ಮೇಲೆ ಮೂರನೆಯದಕ್ಕೆ. ಯಾಕೆ ಹೀಗೆ? ಸೀಸ ಬರುವುದು ಹೆಚ್ಚಾಗಿ ಪೈಪಿನಿಂದ. ನೀರು ಪೈಪಿನಲ್ಲಿ ನಿಂತಷ್ಟೂ ಅದು ಕರಗಿ ಬರುತ್ತದೆ. ಮೂರು ಬಾಟಲಿ ಹೋಲಿಸಿದರೆ ಸೀಸ ಎಷ್ಟಿದೆ ಅನ್ನುವುದರ ಜೊತೆಗೆ ಎಲ್ಲಿಂದ ಬರುತ್ತಿದೆ ಅನ್ನುವ ಸುಳಿವೂ ಸಿಗುತ್ತದೆ. ದೂರು ಪ್ರಶ್ನೆಯಾದದ್ದು ಹೀಗೆ.

ನೀವು ಈ ಮಟ್ಟಕ್ಕೆ ಒಬ್ಬರೇ ಹೋಗಬೇಕಾಗಿಲ್ಲ, ಅದಕ್ಕೇ ಯೂನಿವರ್ಸಿಟಿ ಇರುವುದು. ನಿಮ್ಮ ಕಡೆಯಿಂದ ಒಂದು ಪುಟ ಸಾಕು. ಏನನ್ನು ನೋಡಿದಿರಿ, ಎಲ್ಲಿ, ಯಾವಾಗಿನಿಂದ? ಏನು ತಿಳಿಯಬೇಕು? ತಿಳಿದ ಮೇಲೆ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಯನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಉತ್ತರ "ಅಧಿಕಾರಿಗಳಿಗೆ ತೋರಿಸುತ್ತೇವೆ" ಅಂತಾದರೆ ಅಳತೆ ಅವರು ಒಪ್ಪುವ ಮಟ್ಟದ್ದಾಗಿರಬೇಕು, ಖರ್ಚು ಜಾಸ್ತಿ. "ನಮಗೇ ಗೊತ್ತಾಗಬೇಕು" ಅಂತಾದರೆ ಕಡಿಮೆ ಬೆಲೆಯ ಉಪಕರಣವೇ ಸಾಕಾಗಬಹುದು.

ಹೊರಡುವ ಮುಂಚೆ, ಇದೇ ಕೆಲಸ ಆಗಲೇ ಬೇರೆ ಕಡೆ ನಡೆಯುತ್ತಿದೆಯಾ ನೋಡಿಕೊಳ್ಳಿ. ಹಕ್ಕಿ ಲೆಕ್ಕಕ್ಕೆ ಇ-ಬರ್ಡ್ ಅನ್ನುವ ವೆಬ್‌ಸೈಟ್ ಇದೆ. ಅದನ್ನು ಕಾರ್ನೆಲ್ ಯೂನಿವರ್ಸಿಟಿಯ ಪಕ್ಷಿ ಲ್ಯಾಬ್ 2002ರಲ್ಲಿ ಆಡುಬಾನ್ ಸಂಸ್ಥೆಯ ಜೊತೆ ಶುರು ಮಾಡಿತು. ಗಿಡ, ಹುಳ, ಅಣಬೆ ಏನೇ ಇರಲಿ, ಐ-ನ್ಯಾಚುರಲಿಸ್ಟ್ ಇದೆ. ಅದು 2008ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್‌ಲಿ ಕ್ಯಾಂಪಸ್ಸಿನ ಮಾಸ್ಟರ್ಸ್ ವಿದ್ಯಾರ್ಥಿಗಳು ಮಾಡಿದ ಪ್ರಾಜೆಕ್ಟ್. ಆ ಮೂರು ವರ್ಷದ ನೋಟ್‌ಬುಕ್ ಅಂದೆನಲ್ಲ, ಅದರಲ್ಲಿ ದಿನಾಂಕ, ಜಾಗ, ನೋಡಿದ ಹೊತ್ತು ಬರೆದಿದ್ದರೆ ಇ-ಬರ್ಡಿಗೆ ಹಳೆಯ ಲೆಕ್ಕವನ್ನೂ ಸೇರಿಸಬಹುದು. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ, ಯಾರ ಬಾಗಿಲೂ ತಟ್ಟಬೇಕಾಗಿಲ್ಲ.

ಹೆಜ್ಜೆ 2: ಬಾಗಿಲು ಹುಡುಕಿ

ಯೂನಿವರ್ಸಿಟಿ ಅನ್ನುವುದು ಒಂದು ಮನೆಯಲ್ಲ, ಒಂದು ಊರು. ಯಾರನ್ನು ಕೇಳಬೇಕು ಅಂತ ಒಳಗಿನವರಿಗೇ ಗೊತ್ತಿರುವುದಿಲ್ಲ. ಯುರೋಪಿನ ಸಂಶೋಧನಾ ವಿಶ್ವವಿದ್ಯಾಲಯಗಳ ಕೂಟವಾದ ಲೆರು 2016ರಲ್ಲಿ ನಾಗರಿಕ ವಿಜ್ಞಾನದ ಬಗ್ಗೆ ಸಲಹಾ ಪತ್ರ ಹೊರತಂದಾಗ, ಪ್ರತಿ ಯೂನಿವರ್ಸಿಟಿಯಲ್ಲೂ ಇದಕ್ಕೆ ಒಂದು ಸಂಪರ್ಕ ಕೇಂದ್ರ ಇರಲಿ ಅಂದಿತ್ತು. ಕೆಲವು ಕಡೆ ಅದು ಬಂದಿದೆ. ಜ್ಯೂರಿಕ್‌ನಲ್ಲಿ ಅಲ್ಲಿನ ಎರಡು ದೊಡ್ಡ ಯೂನಿವರ್ಸಿಟಿಗಳು ಸೇರಿ ಒಂದು ನಾಗರಿಕ ವಿಜ್ಞಾನ ಕೇಂದ್ರವನ್ನೇ ನಡೆಸುತ್ತವೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿ ತನ್ನ ಇಡೀ ಕ್ಯಾಂಪಸ್ಸನ್ನೇ ನಾಗರಿಕ ವಿಜ್ಞಾನದ ಕ್ಯಾಂಪಸ್ ಅಂತ ಕರೆದುಕೊಂಡಿದೆ. ಅಂಥ ಕೇಂದ್ರ ನಿಮಗೆ ಸಿಕ್ಕರೆ ನೇರ ಅಲ್ಲಿಗೇ ಹೋಗಿ.

ಸಿಗದಿದ್ದರೆ ನಾಲ್ಕು ಕಡೆ ನೋಡಬಹುದು. ಸಮುದಾಯದ ಜೊತೆ ಕೆಲಸ ಮಾಡುವ ವಿಸ್ತರಣಾ ವಿಭಾಗ ಒಂದು. ಲೈಬ್ರರಿ ಇನ್ನೊಂದು, ಇದು ಯಾರಿಗೂ ಹೊಳೆಯದ ಬಾಗಿಲು. ಯಾವ ವಿಭಾಗದಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದಾರೆ ಅನ್ನುವುದು ಲೈಬ್ರರಿಯವರಿಗೆ ಗೊತ್ತಿದ್ದಷ್ಟು ಕುಲಪತಿಗಳ ಕಚೇರಿಗೂ ಗೊತ್ತಿರುವುದಿಲ್ಲ. ಮೂರನೆಯದು ಸೈನ್ಸ್ ಶಾಪ್. ಹೆಸರು ಅಂಗಡಿ, ಆದರೆ ಅಲ್ಲಿ ಮಾರುವುದಕ್ಕೆ ಏನೂ ಇರುವುದಿಲ್ಲ. 1970ರ ದಶಕದಲ್ಲಿ ನೆದರ್‌ಲೆಂಡ್ಸಿನ ಯೂನಿವರ್ಸಿಟಿಗಳಲ್ಲಿ ಶುರುವಾದ ಪದ್ಧತಿ ಇದು. ಸಂಘ ಸಂಸ್ಥೆಗಳು ತಮ್ಮ ಪ್ರಶ್ನೆ ತಂದುಕೊಡುತ್ತವೆ. ವಿದ್ಯಾರ್ಥಿಗಳು ಗೈಡ್ ನೆರವಿನಿಂದ ಅದನ್ನು ತಮ್ಮ ಪ್ರಾಜೆಕ್ಟ್ ಮಾಡಿಕೊಂಡು, ಹಣ ತೆಗೆದುಕೊಳ್ಳದೆ ಅಥವಾ ತೀರಾ ಕಡಿಮೆ ಖರ್ಚಿನಲ್ಲಿ, ಉತ್ತರ ಹುಡುಕಿ ಕೊಡುತ್ತಾರೆ. ಈ ಹೆಸರಿನ ಕೇಂದ್ರ ಇಲ್ಲದ ಕಡೆಯೂ ಇದೇ ಉಪಾಯ ನಡೆಯುತ್ತದೆ. ಮಾಸ್ಟರ್ಸ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ಹುಡುಕುವ ಸಮಯ ಯಾವುದು ಅಂತ ವಿಭಾಗದಲ್ಲಿ ವಿಚಾರಿಸಿ, ಅದಕ್ಕೆ ಒಂದು ತಿಂಗಳು ಮುಂಚೆ ನಿಮ್ಮ ಒಂದು ಪುಟ ಕೊಟ್ಟು ಬನ್ನಿ. ಪರೀಕ್ಷೆ ಹತ್ತಿರ ಇರುವಾಗ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ನಾಲ್ಕನೆಯದು ಆ ವಿಷಯದ ಪ್ರಾಧ್ಯಾಪಕರು. ಅವರಿಗೆ ಬರೆಯುವ ಮೇಲ್ ಚಿಕ್ಕದಿರಲಿ. ಹೀಗೆ ಬರೆಯಬಹುದು:

"ಸರ್, ನಾವು ಹನ್ನೆರಡು ಜನ ಎರಡು ವರ್ಷದಿಂದ ಒಂದು ಹೊಳೆಯ ನೀರಿನ ಮಟ್ಟ ಮತ್ತು ಬಣ್ಣವನ್ನು ವಾರಕ್ಕೊಮ್ಮೆ ಬರೆದಿಡುತ್ತಿದ್ದೇವೆ. ಮಳೆ ಇಲ್ಲದ ದಿನಗಳಲ್ಲೂ ನೀರು ಕೆಲವೊಮ್ಮೆ ಕಪ್ಪಾಗುತ್ತದೆ. ಯಾಕೆ ಅಂತ ತಿಳಿಯಬೇಕು. ಲೆಕ್ಕದ ಹಾಳೆ ಜೊತೆಗಿಟ್ಟಿದ್ದೇವೆ. ನಾವು ಬರೆದಿಡುತ್ತಿರುವ ರೀತಿ ಸರಿಯಿದೆಯಾ ಅಂತ ಕೇಳಲು ಅರ್ಧ ಗಂಟೆ ಸಮಯ ಕೊಡುತ್ತೀರಾ?"

ಈ ಮೇಲ್‌ನಲ್ಲಿ ಹಣದ ಮಾತಿಲ್ಲ, "ನಮ್ಮ ಸಮಸ್ಯೆ ಬಗೆಹರಿಸಿ" ಅನ್ನುವ ಮಾತೂ ಇಲ್ಲ. ಕೇಳಿರುವುದು ಅರ್ಧ ಗಂಟೆ. ಅಷ್ಟಕ್ಕೆ ಬೇಡ ಅನ್ನುವುದು ಕಷ್ಟ, ಅಲ್ವಾ? ಜೊತೆಗೆ ಎರಡು ವರ್ಷದ ಡೇಟಾ ಅಂದರೆ ಸಂಶೋಧಕರ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ.

ಹೆಜ್ಜೆ 3: ಏನೇನು ಕೇಳಬಹುದು

ಜನರಿಗೆ ಗೊತ್ತಿರುವುದು ಲ್ಯಾಬ್ ಮತ್ತು ಹಣ ಎರಡೇ. ನಿಜವಾಗಿ ಬೆಲೆಬಾಳುವುದು ಬೇರೆ ಇದೆ.

ಮೊದಲನೆಯದು ಲೆಕ್ಕ ಹಾಕುವ ವಿಧಾನ. ಎಷ್ಟು ಸ್ಯಾಂಪಲ್ ಬೇಕು, ಎಲ್ಲಿಂದ, ಯಾವ ಹೊತ್ತಿನಲ್ಲಿ? ಸಂಖ್ಯಾಶಾಸ್ತ್ರ ಗೊತ್ತಿರುವವರ ಜೊತೆ ಒಂದು ಮಧ್ಯಾಹ್ನ ಕೂತರೆ ನಿಮ್ಮ ಒಂದು ವರ್ಷದ ಶ್ರಮ ಉಳಿಯಬಹುದು. ನಾವು ಸಹಜವಾಗಿ ಕೆಟ್ಟದಾಗಿ ಕಾಣುವ ಜಾಗದಿಂದಲೇ ಸ್ಯಾಂಪಲ್ ತರುತ್ತೇವೆ, ಹಕ್ಕಿ ಜಾಸ್ತಿ ಇರುವ ಜಾಗಕ್ಕೇ ಹೋಗಿ ಎಣಿಸುತ್ತೇವೆ. ಅದರಿಂದ ಇಡೀ ಪ್ರದೇಶದ ಚಿತ್ರ ಸಿಗುವುದಿಲ್ಲ. ಕೇರಳದ ಹಕ್ಕಿ ಅಟ್ಲಾಸ್ ಕೆಲಸದಲ್ಲಿ 2015ರಿಂದ 2020ರ ತನಕ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದುಡಿದರು. ಅಲ್ಲಿ ಇಡೀ ರಾಜ್ಯವನ್ನು ಚೌಕಗಳಾಗಿ ಹಂಚಿ, ಎಲ್ಲಿ ಎಣಿಸಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಇಷ್ಟವಾದ ಕೆರೆಗೆ ಹೋಗುವ ಸ್ವಾತಂತ್ರ್ಯ ಇರಲಿಲ್ಲ. ವರ್ಷಕ್ಕೆ ಎರಡು ಸಲ, ಮಳೆಯಿಲ್ಲದ ಹೊತ್ತಿನಲ್ಲೊಮ್ಮೆ ಮಳೆ ಹೊತ್ತಿನಲ್ಲೊಮ್ಮೆ, ಹೇಳಿದ ಚೌಕಕ್ಕೇ ಹೋಗಬೇಕು. ಹಕ್ಕಿ ಹುಚ್ಚಿನವರನ್ನು ಹೀಗೆ ಕಟ್ಟಿಹಾಕುವುದು ಸುಲಭ ಅಂದುಕೊಳ್ಳಬೇಡಿ! ಆದರೆ ಅದರಿಂದಲೇ ಆ ಡೇಟಾಕ್ಕೆ ತೂಕ ಬಂತು.

ಎರಡನೆಯದು ಉಪಕರಣವನ್ನು ಸರಿ ನೋಡಿಕೊಳ್ಳುವುದು. ಗಾಳಿಯ ಧೂಳು ಅಳೆಯುವ ಕಡಿಮೆ ಬೆಲೆಯ ಸೆನ್ಸರ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಅವು ಬೆಳಕು ಕಣಗಳಿಗೆ ಬಡಿದು ಚದುರುವುದನ್ನು ನೋಡಿ ಲೆಕ್ಕ ಹೇಳುತ್ತವೆ. ಗಾಳಿಯಲ್ಲಿ ತೇವ ಜಾಸ್ತಿ ಆದರೆ ಕಣಗಳು ನೀರು ಹೀರಿ ಉಬ್ಬುತ್ತವೆ. ಸೆನ್ಸರ್‌ಗೆ ಅದು ಜಾಸ್ತಿ ಧೂಳಾಗಿ ಕಾಣುತ್ತದೆ. ಮಂಜು ಮುಸುಕಿದ ಬೆಳಗ್ಗೆ ಬಂದ ದೊಡ್ಡ ಅಂಕಿ ಹಿಡಿದು ಗಲಾಟೆ ಎಬ್ಬಿಸಿದರೆ, ವಿಷಯ ಗೊತ್ತಿದ್ದವರು ಒಂದೇ ಮಾತಿನಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ. ಅದಕ್ಕೆ ಯೂನಿವರ್ಸಿಟಿಯ ಒಳ್ಳೆಯ ಉಪಕರಣದ ಪಕ್ಕದಲ್ಲಿ ನಿಮ್ಮ ಸೆನ್ಸರ್‌ಗಳನ್ನು ಎರಡು ಮೂರು ವಾರ ಇಡಲು ಕೇಳಿ. ಎರಡರ ಅಂಕಿ ಹೋಲಿಸಿ ತಿದ್ದುಪಡಿಯ ಸೂತ್ರ ಮಾಡಿಕೊಡುತ್ತಾರೆ. ಅವರಿಗೆ ಇದಕ್ಕೆ ಖರ್ಚು ಏನೂ ಇಲ್ಲ, ಸ್ವಲ್ಪ ಜಾಗ ಮತ್ತು ಕರೆಂಟ್ ಅಷ್ಟೇ.

ಇನ್ನು ಲೈಬ್ರರಿಯ ಕಡೆಯಿಂದ ಎರಡು ಉಪಕಾರ ಆಗುತ್ತದೆ. ದುಡ್ಡು ಕೊಟ್ಟು ಓದಬೇಕಾದ ಜರ್ನಲ್ ಲೇಖನಗಳು ಓದಲು ಸಿಗಬಹುದು. ಕೆಲಸ ಮುಗಿದ ಮೇಲೆ ನಿಮ್ಮ ಡೇಟಾವನ್ನು ಅವರ ಭಂಡಾರದಲ್ಲಿಟ್ಟು ಡಿಒಐ ಅನ್ನುವ ಶಾಶ್ವತ ಗುರುತು ಕೊಡಿಸಬಹುದು. ಆಮೇಲೆ ಯಾರೇ ಆ ಡೇಟಾ ಬಳಸಿದರೂ ಹೆಸರು ಹೇಳಿ ಬಳಸಲು ದಾರಿಯಾಗುತ್ತದೆ. ಯೂನಿವರ್ಸಿಟಿಯಲ್ಲಿ ಭಂಡಾರ ಇಲ್ಲದಿದ್ದರೆ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್ ನಡೆಸುವ ಜೆನೊಡೊ ಇದೆ, ಅದು ಉಚಿತ.

ಚಿತ್ರಗಳನ್ನೋ ಹಳೆಯ ದಾಖಲೆಗಳನ್ನೋ ಸಾವಿರಾರು ಜನರಿಂದ ಓದಿಸಬೇಕಾದರೆ ಹೊಸ ಸಾಫ್ಟ್‌ವೇರ್ ಬರೆಸಲು ಹೋಗಬೇಡಿ. ಗ್ಯಾಲಕ್ಸಿ ಝೂನಿಂದ ಬೆಳೆದ ವೆಬ್‌ಸೈಟ್ ಆದ ಝೂನಿವರ್ಸ್‌ನಲ್ಲಿ ಯಾರು ಬೇಕಾದರೂ ಹಣ ಕೊಡದೆ ಪ್ರಾಜೆಕ್ಟ್ ಕಟ್ಟಬಹುದು.

ಹಣದ ವಿಷಯ. ಕೆಲವು ಯೂನಿವರ್ಸಿಟಿಗಳು ಚಿಕ್ಕ ಆರಂಭಿಕ ಅನುದಾನ ಕೊಡುತ್ತವೆ, ಜ್ಯೂರಿಕ್‌ನಲ್ಲಿ ಜನರೂ ಸಂಶೋಧಕರೂ ಜೊತೆಯಾಗಿ ನಡೆಸುವ ಕೆಲಸಕ್ಕೆಂದೇ ಇಂಥದ್ದು ಕೊಟ್ಟದ್ದುಂಟು. ಅರ್ಜಿ ಬರೆಯುವಾಗ ಒಂದನ್ನು ಹಟ ಹಿಡಿದು ಸೇರಿಸಿ: ಸಂಯೋಜಕರ ಸಂಬಳ. ಫೋನ್ ಮಾಡುವವರು, ಬಾಟಲಿ ಹಂಚುವವರು, ಬೇಸರಗೊಂಡವರನ್ನು ಮಾತಾಡಿಸುವವರು ಒಬ್ಬರು ಬೇಕೇ ಬೇಕು. ಅದನ್ನು ಪಿಎಚ್‌ಡಿ ವಿದ್ಯಾರ್ಥಿಯ ತಲೆಗೆ ಕಟ್ಟಿದರೆ ಆರು ತಿಂಗಳಲ್ಲಿ ಆ ವಿದ್ಯಾರ್ಥಿಯೂ ಹೈರಾಣ, ಕೆಲಸವೂ ಹೈರಾಣ.

ಹೆಜ್ಜೆ 4: ಎಥಿಕ್ಸ್ ಕಮಿಟಿಗೆ ಸಮಯ ಇಟ್ಟುಕೊಳ್ಳಿ

ಮನುಷ್ಯರ ಆರೋಗ್ಯ, ಮನೆ ವಿಳಾಸ, ಮಕ್ಕಳು ಇವು ಬರುವ ಕೆಲಸ ಸಾಮಾನ್ಯವಾಗಿ ಯೂನಿವರ್ಸಿಟಿಯ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆಯಿಂದ ಯಾರಿಗೂ ಹಾನಿಯಾಗದಂತೆ ನೋಡುವ ಸಮಿತಿಯ ಮುಂದೆ ಹೋಗುತ್ತದೆ. ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ತಿಂಗಳುಗಳೇ. ಇದನ್ನು ಬರಿ ಕಾಗದದ ಕಾಟ ಅಂತ ಬೈಯುವವರಿದ್ದಾರೆ. ನಾನು ಹಾಗನ್ನುವುದಿಲ್ಲ. ಒಂದು ಮನೆಯ ನೀರಿನಲ್ಲಿ ವಿಷ ಇದೆ ಅಂತ ನಕ್ಷೆಯಲ್ಲಿ ಚುಕ್ಕೆ ಇಟ್ಟರೆ ಆ ಮನೆಯವರಿಗೆ ಏನಾಗುತ್ತದೆ? ಬಾಡಿಗೆಗೆ ಇರುವವರಾದರೆ ಮಾಲೀಕರು ಏನು ಮಾಡಬಹುದು? ಈ ಪ್ರಶ್ನೆಗಳನ್ನು ಯಾರಾದರೂ ಮೊದಲೇ ಕೇಳುವುದು ಒಳ್ಳೆಯದು.

ಒಪ್ಪಿಗೆ ಪತ್ರ ಜನರ ಮಾತಿನಲ್ಲಿರಲಿ. ವಕೀಲರ ಭಾಷೆಯ ನಾಲ್ಕು ಪುಟಕ್ಕೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆ ಆಗುವುದಿಲ್ಲ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಮನುಷ್ಯರಿಲ್ಲದ ಡೇಟಾಕ್ಕೂ ಎಚ್ಚರ ಬೇಕು. ಅಪರೂಪದ ಪ್ರಾಣಿಯ ಜಾಗ ಬಹಿರಂಗವಾದರೆ ಮೊದಲು ಬರುವವರು ಬೇಟೆಗಾರರು. ಐ-ನ್ಯಾಚುರಲಿಸ್ಟ್‌ನಲ್ಲಿ ಅಳಿವಿನಂಚಿನ ಜೀವಿಗಳ ನಿಖರ ಜಾಗ ತಾನಾಗಿಯೇ ಮಸುಕಾಗುವುದು ಇದಕ್ಕೇ. ಮೂಲನಿವಾಸಿ ಸಮುದಾಯಗಳ ತಿಳಿವಳಿಕೆಯ ವಿಷಯ ಬಂದರೆ ಇನ್ನೂ ಸೂಕ್ಷ್ಮ. ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದೇ ಒಳ್ಳೆಯದು ಅನ್ನುವ ಯೋಚನೆಗೆ ಎದುರಾಗಿ, ತಮ್ಮ ಡೇಟಾ ಮೇಲೆ ಹಿಡಿತ ಆ ಸಮುದಾಯಕ್ಕೇ ಇರಬೇಕು ಅನ್ನುವ ಕೇರ್ ತತ್ವಗಳು 2019ರಲ್ಲಿ ಬಂದವು. ಪ್ರಾಧ್ಯಾಪಕರಿಗೆ ಅವು ಗೊತ್ತಾ ಅಂತ ಕೇಳಿ ನೋಡಿ.

ಹೆಜ್ಜೆ 5: ಬರೆದು ಇಟ್ಟುಕೊಳ್ಳಿ

ಮುಖ್ಯ ಭಾಗ ಇದು. ಎರಡು ಪುಟದ ಒಡಂಬಡಿಕೆ ಸಾಕು, ಆದರೆ ಬರಹದಲ್ಲಿ ಇರಬೇಕು. "ಅಯ್ಯೋ, ನಾವೆಲ್ಲ ಸ್ನೇಹಿತರು, ಇದೆಲ್ಲ ಯಾಕೆ" ಅಂತ ಯಾರಾದರೂ ಅಂದರೆ ಖಂಡಿತ ಬರೆಸಿಕೊಳ್ಳಿ.

ಡೇಟಾ ಯಾರದು ಅನ್ನುವುದು ಮೊದಲು. ನಿಮ್ಮ ಹತ್ತಿರ ಪೂರ್ತಿ ಪ್ರತಿ ಇರಬೇಕು, ಮೂಲ ರೂಪದಲ್ಲಿ. ಯೂನಿವರ್ಸಿಟಿಯ ಸರ್ವರ್‌ನಲ್ಲಿದೆ, ಬೇಕಾದಾಗ ಕೇಳಿ ಅನ್ನುವುದು ಸಾಲದು.

ಫಲಿತಾಂಶ ಯಾವಾಗ ಬರುತ್ತದೆ? ಸಂಶೋಧಕರಿಗೆ ಪ್ರಬಂಧ ಪ್ರಕಟವಾಗುವ ತನಕ ಬಾಯಿ ಬಿಡಲು ಮನಸ್ಸಿರುವುದಿಲ್ಲ. ಪ್ರಬಂಧ ಬರಲು ವರ್ಷ ಹಿಡಿಯಬಹುದು. ಅಷ್ಟರ ತನಕ ನೀವು ಅದೇ ನೀರು ಕುಡಿಯುತ್ತಾ ಕೂರಬೇಕಾ? ನಿಮ್ಮ ಮನೆಯ ಫಲಿತಾಂಶ ಇಷ್ಟು ವಾರದೊಳಗೆ ನಿಮಗೆ, ಅಪಾಯದ ಮಟ್ಟ ಕಂಡರೆ ತಕ್ಷಣ ಅಂತ ಬರೆಸಿ. ಫ್ಲಿಂಟ್‌ನಲ್ಲಿ ವರ್ಜೀನಿಯಾ ಟೆಕ್ ತಂಡ ಪ್ರಬಂಧಕ್ಕೆ ಕಾಯಲಿಲ್ಲ. ಅಂಕಿಗಳು ಬಂದ ಹಾಗೇ ಎಲ್ಲರ ಮುಂದೆ ಇಟ್ಟಿತು.

ಏನೂ ಸಿಗದಿದ್ದರೆ? ನೀರು ಚೆನ್ನಾಗಿಯೇ ಇದೆ ಅಂತ ಬಂದರೆ ಅದನ್ನೂ ಹೊರಗೆ ಹೇಳಲು ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು. ಈ ಸಾಲು ನಿಮ್ಮನ್ನೂ ಕಟ್ಟಿಹಾಕುತ್ತದೆ. ಹಾಗಿದ್ದರೇ ನಿಮ್ಮ ಮಾತಿಗೆ ಬೆಲೆ.

ಹೆಸರಿನ ವಿಷಯದಲ್ಲಿ ಬಹಳ ನೋವು ಆಗುತ್ತದೆ. ಪ್ರಬಂಧದ ಕೊನೆಗೆ "ಸ್ವಯಂಸೇವಕರಿಗೆ ಕೃತಜ್ಞತೆ" ಅಂತ ಒಂದು ಸಾಲು ಬಂದರೆ ಮೂರು ವರ್ಷ ದುಡಿದವರಿಗೆ ಹೇಗನ್ನಿಸಬೇಡ? ಇದಕ್ಕಿಂತ ಚೆನ್ನಾಗಿ ಮಾಡಿದ ಉದಾಹರಣೆಗಳಿವೆ. ವಾಷಿಂಗ್ಟನ್ ಯೂನಿವರ್ಸಿಟಿಯ ಫೋಲ್ಡಿಟ್ ಅನ್ನುವ ಆಟದಲ್ಲಿ ಆಡುವವರು ಪ್ರೋಟೀನಿನ ಆಕಾರ ಹುಡುಕುತ್ತಾರೆ. ಮಂಗಗಳಿಗೆ ಏಡ್ಸ್‌ನಂಥ ಕಾಯಿಲೆ ತರುವ ವೈರಸ್ಸಿನ ಒಂದು ಪ್ರೋಟೀನಿನ ಆಕಾರ ಹತ್ತು ವರ್ಷಕ್ಕೂ ಮೇಲೆ ಬಗೆಹರಿದಿರಲಿಲ್ಲ. ಆಟಗಾರರು ಅದನ್ನು ಮೂರು ವಾರದಲ್ಲಿ ಬಿಡಿಸಿದರು. 2011ರಲ್ಲಿ ಬಂದ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಆ ಆಟಗಾರರ ತಂಡಗಳ ಹೆಸರೂ ಇದೆ.

ನನಗೆ ಇನ್ನೂ ಇಷ್ಟವಾದದ್ದು ಇಂಗ್ಲೆಂಡಿನ ಬ್ಲಾಕಾಟನ್ ಶಾಲೆಯ ಮಕ್ಕಳದು. ಎಂಟರಿಂದ ಹತ್ತು ವರ್ಷದ 25 ಮಕ್ಕಳು, ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಬೊ ಲೊಟ್ಟೊ ಜೊತೆ ಸೇರಿ, ದುಂಬಿಗಳು ಬಣ್ಣ ಮತ್ತು ಜಾಗವನ್ನು ಹೇಗೆ ಕಲಿಯುತ್ತವೆ ಅಂತ ಪ್ರಯೋಗ ಮಾಡಿದರು. 2010ರಲ್ಲಿ ಅದು ರಾಯಲ್ ಸೊಸೈಟಿಯ ಜರ್ನಲ್‌ನಲ್ಲಿ ಬಂತು. ಬರಹ ಮಕ್ಕಳದೇ ಮಾತಿನಲ್ಲಿ, ಚಿತ್ರಗಳು ಬಣ್ಣದ ಪೆನ್ಸಿಲ್‌ನಲ್ಲಿ. ಹಿಂದಿನ ಸಂಶೋಧನೆಗಳ ಪಟ್ಟಿ ಇಲ್ಲದ ಪ್ರಬಂಧ ಅದು, ಯಾಕೆಂದರೆ ಅವೆಲ್ಲ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಇರಲಿಲ್ಲ! ನಿಮ್ಮ ಪ್ರಾಧ್ಯಾಪಕರು "ಸಾಮಾನ್ಯ ಜನರ ಹೆಸರು ಹಾಕಲು ಬರುವುದಿಲ್ಲ" ಅಂದರೆ ಈ ಕಥೆ ಹೇಳಿ.

ಕೊನೆಗೆ ಒಂದು ಸಾಲು: ಪ್ರಾಧ್ಯಾಪಕರು ಬೇರೆ ಕಡೆ ಹೋದರೆ, ವಿದ್ಯಾರ್ಥಿಯ ಪದವಿ ಮುಗಿದರೆ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಇಂಥ ಕೆಲಸಗಳು ನಿಂತುಹೋಗುವುದಕ್ಕೆ ಜಗಳಕ್ಕಿಂತ ಜಾಸ್ತಿ ಇದೇ ಕಾರಣ.

ಒಡಂಬಡಿಕೆಗೆ ಮಾದರಿ ಬೇಕಿದ್ದರೆ ಯುರೋಪಿನ ನಾಗರಿಕ ವಿಜ್ಞಾನ ಸಂಘ 2015ರಲ್ಲಿ ಹೊರತಂದ ಹತ್ತು ತತ್ವಗಳನ್ನು ನೋಡಿ. ಚಿಕ್ಕದಾಗಿವೆ, ಹಲವು ಭಾಷೆಗಳಲ್ಲಿ ಸಿಗುತ್ತವೆ.

ಹೆಜ್ಜೆ 6: ಚಿಕ್ಕದಾಗಿ ಶುರು ಮಾಡಿ, ಸೊನ್ನೆಯನ್ನೂ ಬರೆಯಿರಿ

ಐದು ಜನ, ಎರಡು ವಾರ. ಅಷ್ಟರಲ್ಲೇ ಫಾರ್ಮ್‌ನಲ್ಲಿ ಯಾವ ಪ್ರಶ್ನೆ ಯಾರಿಗೂ ಅರ್ಥವಾಗುತ್ತಿಲ್ಲ ಅಂತ ಗೊತ್ತಾಗುತ್ತದೆ. ಫಾರ್ಮ್ ತಿದ್ದಿ, ಆಮೇಲೆ ಐವತ್ತು ಜನರನ್ನು ಕರೆಯಿರಿ.

"ಸಾಮಾನ್ಯ ಜನರ ಡೇಟಾ ನಂಬಬಹುದಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಉತ್ತರ ಇಟ್ಟುಕೊಳ್ಳಿ. ಒಂದೇ ಚಿತ್ರವನ್ನು ಹಲವರಿಗೆ ತೋರಿಸಿ ಉತ್ತರ ಕೂಡಿಸುವುದು ಒಂದು ದಾರಿ. ಮಿನೆಸೋಟ ಯೂನಿವರ್ಸಿಟಿಯವರು ಆಫ್ರಿಕಾದ ಸೆರೆಂಗೆಟಿಯ ಕಾಡು ಕ್ಯಾಮೆರಾ ಚಿತ್ರಗಳನ್ನು ಹೀಗೆ ಓದಿಸಿದರು. ಹಲವರ ಉತ್ತರ ಕೂಡಿಸಿ ತಜ್ಞರ ಉತ್ತರದ ಜೊತೆ ಹೋಲಿಸಿದಾಗ ಪ್ರಾಣಿಯ ಗುರುತು ನೂರಕ್ಕೆ 96ಕ್ಕೂ ಹೆಚ್ಚು ಸಲ ಸರಿಯಿತ್ತು. ಇ-ಬರ್ಡ್ ಬೇರೆ ದಾರಿ ಹಿಡಿದಿದೆ. ಆ ಜಾಗಕ್ಕೆ, ಆ ತಿಂಗಳಿಗೆ ಹೊಂದದ ಹಕ್ಕಿ ಬರೆದರೆ ಕಂಪ್ಯೂಟರ್ ತಡೆಯುತ್ತದೆ, ಆಮೇಲೆ ಅಲ್ಲಿನ ಹಕ್ಕಿ ಬಲ್ಲವರೊಬ್ಬರು ನೋಡಿ ತೀರ್ಮಾನಿಸುತ್ತಾರೆ.

ಇನ್ನು ಸೊನ್ನೆ. ಹೋದೆ, ನೋಡಿದೆ, ಏನೂ ಇರಲಿಲ್ಲ ಅನ್ನುವುದೂ ಡೇಟಾ. ಆ ದಿನ ಬರೆಯದೆ ಬಿಟ್ಟರೆ, ಇರಲಿಲ್ಲವೋ ಅಥವಾ ನೀವೇ ಹೋಗಲಿಲ್ಲವೋ ಅಂತ ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಇದನ್ನು ಹೊಸಬರಿಗೆ ಹತ್ತು ಸಲ ಹೇಳಬೇಕಾಗುತ್ತದೆ. ಹೇಳಿ.

ನೀವು ಯೂನಿವರ್ಸಿಟಿಯ ಒಳಗಿನವರಾದರೆ

ನಿಮಗೂ ಎರಡು ಮಾತು. ಜನರ ಜೊತೆ ಮಾಡುವ ಕೆಲಸ ನಿಧಾನ. ಬಡ್ತಿಗೆ ಪ್ರಬಂಧಗಳನ್ನು ಮಾತ್ರ ಎಣಿಸುವ ಕಡೆ ಕಿರಿಯ ಸಂಶೋಧಕರು ಇದಕ್ಕೆ ಕೈ ಹಾಕಲು ಹೆದರುವುದು ಸಹಜ. ಲೆರು ಪತ್ರ ಇದನ್ನೂ ಗುರುತಿಸಿ, ಮೌಲ್ಯಮಾಪನದ ಕ್ರಮ ಬದಲಾಗಲಿ ಅಂದಿತ್ತು. 2021ರಲ್ಲಿ ಯುನೆಸ್ಕೊ ಒಪ್ಪಿದ ಮುಕ್ತ ವಿಜ್ಞಾನದ ಶಿಫಾರಸಿನಲ್ಲೂ ನಾಗರಿಕ ವಿಜ್ಞಾನಕ್ಕೆ ಜಾಗ ಇದೆ. ಆಡಳಿತದವರ ಮುಂದೆ ಇಡಲು ಈ ಎರಡು ಕಾಗದ ಕೈಯಲ್ಲಿರಲಿ. ಮತ್ತೆ, ಸಭೆಗಳನ್ನು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ. ಆ ಹೊತ್ತಿಗೆ ಸಂಬಳ ಸಿಗುವುದು ನಿಮಗೆ ಮಾತ್ರ, ಬರುವ ಜನ ರಜೆ ಹಾಕಿ ಬರಬೇಕು.

ಹೆಜ್ಜೆ 7: ವಾಪಸ್ ಹೇಳಿ, ಮುಗಿಸುವುದನ್ನೂ ಯೋಚಿಸಿ

ಭಾಗವಹಿಸಿದವರಿಗೆ ಫಲಿತಾಂಶ ಮುಟ್ಟಿಸುವ ದಿನ ಮೊದಲೇ ಗೊತ್ತು ಮಾಡಿ. ಪ್ರಬಂಧದ ಲಿಂಕ್ ಕಳಿಸಿದರೆ ಸಾಲದು. ಒಂದು ಕಡೆ ಸೇರಿ, ನಕ್ಷೆ ತೋರಿಸಿ, ಪ್ರಶ್ನೆ ಕೇಳಲು ಬಿಡಿ. ಅಂಕಿ ನೋಡಿ "ಆ ದಿನ ಪಕ್ಕದಲ್ಲಿ ಪೈಪ್ ಒಡೆದಿತ್ತು" ಅಂತ ಹೇಳಬಲ್ಲವರು ಅಲ್ಲೇ ಕೂತಿರುತ್ತಾರೆ. ಅದು ಯಾವ ಸಾಫ್ಟ್‌ವೇರಿಗೂ ಗೊತ್ತಾಗುವ ವಿಷಯವಲ್ಲ.

ಎಲ್ಲ ಕೆಲಸವೂ ಎಂದಿಗೂ ನಡೆಯುತ್ತಿರಬೇಕಾಗಿಲ್ಲ. ಬೇರೆ ಲೋಕದ ಸಂಕೇತ ಹುಡುಕಲು ಮನೆ ಮನೆಯ ಕಂಪ್ಯೂಟರ್ ಬಳಸಿದ ಬರ್ಕ್‌ಲಿಯ ಸೆಟಿ ಅಟ್ ಹೋಮ್ 1999ರಲ್ಲಿ ಶುರುವಾಗಿ, 2020ರ ಮಾರ್ಚ್‌ನಲ್ಲಿ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಸೇರಿದ ಡೇಟಾವನ್ನು ಕೂತು ಪರಿಶೀಲಿಸಬೇಕು ಅಂತ ಕಾರಣವನ್ನೂ ಹೇಳಿತು. ಹೀಗೆ ಹೇಳಿ ನಿಲ್ಲಿಸಿದರೆ ಯಾರಿಗೂ ಬೇಸರವಿಲ್ಲ. ಹೇಳದೆ ಮೇಲ್‌ಗೆ ಉತ್ತರ ಕೊಡುವುದನ್ನು ಬಿಟ್ಟರೆ, ಮುಂದಿನ ಸಲ ಇನ್ನೊಬ್ಬ ಸಂಶೋಧಕರು ಬಂದಾಗ ಅದೇ ಜನ ಬಾಗಿಲು ತೆರೆಯುವುದಿಲ್ಲ.

ಉತ್ತರವೇ ಬರದಿದ್ದರೆ

ಬರದೇ ಇರುವುದೇ ಜಾಸ್ತಿ, ಮೊದಲ ಮೇಲ್‌ಗಂತೂ. ಎರಡು ವಾರ ಕಾಯಿರಿ. ಅದೇ ಮೇಲ್ ಮತ್ತೆ ಕಳಿಸಿ, ಮೇಲೆ ನೆನಪಿಸುವ ಒಂದು ಸಾಲು ಸೇರಿಸಿ. ಆಗಲೂ ಸುದ್ದಿ ಇಲ್ಲದಿದ್ದರೆ ಅವರ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಬರೆಯಿರಿ. ಅವರು ಮೇಲ್ ಓದುತ್ತಾರೆ. ಯೂನಿವರ್ಸಿಟಿಯಲ್ಲಿ ಸಾರ್ವಜನಿಕ ಉಪನ್ಯಾಸ ಇರುವ ದಿನ ಹೋಗಿ ಕೂತು, ಮುಗಿದ ಮೇಲೆ ನೇರ ಮಾತಾಡಿಸಿ. ಒಂದು ಪುಟ ಮತ್ತು ನಿಮ್ಮ ಲೆಕ್ಕದ ಹಾಳೆಯ ಪ್ರಿಂಟ್ ಜೇಬಿನಲ್ಲಿರಲಿ. ಅಷ್ಟು ದಿನ ನಿಮ್ಮ ಅಳತೆ ನಿಲ್ಲಿಸಬೇಡಿ, ಸೊನ್ನೆ ಬಂದ ದಿನವೂ ಬರೆದಿಡಿ.